ಮೂರನೆಯ ಚರಣ

‘ಗುರುಗಳೇ, ನನ್ನ ಅತ್ಯಂತ ಒಳ್ಳೆಯ ಮಾತನ್ನೇ ಜನ ಕೇಳುವುದಿಲ್ಲ. ಅದನ್ನು ಬಿಟ್ಟುಬಿಡಲೇ, ಇಲ್ಲ ಇನ್ನೂ ಗಟ್ಟಿಯಾಗಿ ಹೇಳಲೇ?’

ಹೀಗೆ ಕೇಳಿದವನು ಸತ್ಯಮಿತ್ರ, ಸಣ್ಣ ಊರೊಂದರ ಕ್ರೈಸ್ತ ಸಭೆಗೆ ಹೊಸದಾಗಿ ಉಪದೇಶಿಯಾಗಿ ಹೋಗಿದ್ದ ಯುವಕ. ಕೇಳಿಸಿಕೊಂಡವರು ಅವನಿಗೆ ಬೈಬಲ್ ಪಾಠ ಹೇಳಿಕೊಟ್ಟಿದ್ದ ಬಾರ್ನಬ ಗುರುಗಳು. ವಾರವಿಡೀ ಕೂತು, ಕಣ್ಣೀರು ಹಾಕಿ ಸಿದ್ಧಮಾಡಿದ ಮಾತು ಬಾಯಿಗೆ ಬರುವ ಹೊತ್ತಿಗೇ ಯಾರು ಯಾರು ಗಡಿಯಾರ ನೋಡುತ್ತಾರೆ ಎಂಬುದನ್ನು ಸತ್ಯಮಿತ್ರ ಹೆಸರು ಹಿಡಿದು ಹೇಳಿದ. ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗಾಯಿತು ಎಂದ.

ಗುರುಗಳು ನಕ್ಕರು. ‘ಅಷ್ಟೂ ಹೆಸರು ನೆನಪಿಟ್ಟುಕೊಂಡಿದ್ದೀಯಲ್ಲ, ಜಾಣ. ಕೂತುಕೋ’ ಎಂದು ಈ ಕತೆ ಹೇಳಿದರು.

ಒಂದೂರಿನಲ್ಲಿ ಒಬ್ಬ ಗೀತಕಾರನಿದ್ದ. ಹೊಟ್ಟೆಪಾಡಿಗೆ ಶಾಲೆಯ ಮಾಸ್ತರಿಕೆ, ಮನಸ್ಸೆಲ್ಲ ಹಾಡಿನಲ್ಲಿ. ಅವನು ಬರೆದ ಹಾಡುಗಳಲ್ಲಿ ಒಂದು ಸಭೆಯ ಕೀರ್ತನೆ ಪುಸ್ತಕ ಸೇರಿತು. ನಾಲ್ಕು ಚರಣದ ಹಾಡು. ಮೊದಲನೆಯದು ಬೆಳಗಿನದು, ಎರಡನೆಯದು ಹೊಲದ ಬೆಳೆಯದು, ನಾಲ್ಕನೆಯದು ಪರಲೋಕದ್ದು. ಮೂರನೆಯದು ಅವನ ಮಗಳದು.

ಏಳು ವರ್ಷದ ಮಗು ಜ್ವರದಲ್ಲಿ ಮಲಗಿತ್ತು. ಅವನು ಬಾಗಿಲಲ್ಲಿ ನಿಂತು, ‘ಎದ್ದು ಬಾ ಮಗಳೇ, ಒಂದು ಗುಟುಕು ಗಂಜಿ ಕುಡಿ’ ಎಂದು ಕರೆದ. ‘ಏಳೋಕಾಗಲ್ಲ ಅಪ್ಪಾ, ನೀನೇ ಬಾ’ ಎಂದಿತು ಮಗು. ಅವನು ಹೋಗಿ ಪಕ್ಕದಲ್ಲಿ ಕೂತ. ಮಗು ಉಳಿಯಲಿಲ್ಲ, ಆ ಮಾತು ಉಳಿಯಿತು. ಅದನ್ನೇ ಅವನು ಚರಣ ಮಾಡಿದ:

ಏಳಲಾರೆನು ತಂದೆ, ನೀನೆ ಬಳಿಗೆ ಬಾ,
ಕದವ ತೆರೆಯಲಾರೆ, ನೀನೆ ತೆರೆದು ಬಾ.

ಮಿಕ್ಕ ಮೂರು ಚರಣ ಆಮೇಲೆ ಬರೆದದ್ದು, ಈ ಒಂದಕ್ಕೆ ಜೊತೆಯಿರಲಿ ಎಂದು. ಸಾಲು ಎಲ್ಲೂ ತಡೆಯದೆ ಹರಿಯುವಂತೆ ರಾಗ ಹಾಕಿ ಮೊದಲು ಹೆಂಡತಿಗೆ ಹೇಳಿಕೊಟ್ಟ. ಅವಳು ತಿರುಗಿ ಹಾಡಿದಳು. ‘ಏಳಲಾರೆನು ತಂದೆ’ ಎಂದು ಒಂದು ಉಸಿರಿನಷ್ಟು ಹೊತ್ತು ನಿಂತು ಮುಂದೆ ಹಾಡಿದಳು. ಆಮೇಲೆ ಎಷ್ಟು ಸಲ ಹಾಡಿದರೂ ಅವಳು ಅಲ್ಲಿ ನಿಲ್ಲುವಳು. ಗೀತಕಾರ ಅದನ್ನು ತಿದ್ದಲು ಹೋಗಲಿಲ್ಲ.

ಹಾಡು ಸಭೆಗೆ ಬಹಳ ಹಿಡಿಸಿತು. ಆದರೆ ಅದು ಆರಾಧನೆಯ ಕೊನೆಗೆ ಹಾಡುವ ಹಾಡು. ಅಷ್ಟು ಹೊತ್ತಿಗೆ ಉಪದೇಶ ಉದ್ದವಾಗಿರುತ್ತಿತ್ತು, ಮನೆಗಳಲ್ಲಿ ಭಾನುವಾರದ ಸಾರು ಒಲೆಯ ಮೇಲಿರುತ್ತಿತ್ತು. ಸಭೆಯ ಪಾದ್ರಿಗಳು, ಎಲ್ಲರೂ ಅಯ್ಯನವರೆಂದು ಕರೆಯುವವರು, ‘ಎದ್ದು ನಿಂತು ಒಂದು, ಎರಡು ಮತ್ತು ಕಡೆಯ ಚರಣ ಹಾಡೋಣ’ ಎನ್ನುತ್ತಿದ್ದರು. ಸಭೆ ಎದ್ದು ನಿಂತು ಹುರುಪಿನಿಂದ ಹಾಡುತ್ತಿತ್ತು. ಎರಡನೆಯದರಿಂದ ನಾಲ್ಕನೆಯದಕ್ಕೆ ಹಾರುವಾಗ ಪ್ರತಿ ಸಲವೂ ಗೀತಕಾರನಿಗೆ, ಮಲಗಿದ ತನ್ನ ಮಗುವನ್ನು ಎಲ್ಲರೂ ದಾಟಿಕೊಂಡು ಹೋದರು ಅನಿಸುತ್ತಿತ್ತು.

ಹನ್ನೊಂದು ವರ್ಷ ಹೀಗೇ ನಡೆಯಿತು. ಭಾನುವಾರ ಮನೆಗೆ ಬಂದರೆ ಮುಖ ಊದಿಸಿಕೊಂಡು ಕೂರುವುದೇ ಅವನ ಕೆಲಸ. ಹೆಂಡತಿ ಊಟ ಬಡಿಸಿ, ‘ಕಾಯಿಲೆಯವರನ್ನ ನೋಡಿಕೊಂಡು ಬರ್ತೀನಿ’ ಎಂದು ಕೊಡೆ ಹಿಡಿದು ಹೊರಡುತ್ತಿದ್ದಳು. ಅವನು ಹೂಂ ಎನ್ನುತ್ತಿದ್ದ. ಯಾರನ್ನು, ಎಲ್ಲಿ ಎಂದು ಒಂದು ದಿನವೂ ಕೇಳಲಿಲ್ಲ. ಪಾಪ, ಕೇಳಲು ಅವನಿಗೆ ತನ್ನ ಚರಣದಿಂದ ಬಿಡುವೆಲ್ಲಿತ್ತು?

ಕಡೆಗೆ ತಡೆಯಲಾರದೆ ಅಯ್ಯನವರ ಬಳಿ ಹೋದ. ‘ಸಾಯೋದರೊಳಗೆ ಒಂದೇ ಒಂದು ಸಲ ಅದನ್ನ ಸಭೆಯ ಬಾಯಲ್ಲಿ ಕೇಳಬೇಕು ಅಯ್ಯನವರೇ’ ಎಂದ. ಹೆತ್ತವರಿಗೆ ಹೆಗ್ಗಣ ಮುದ್ದು ಎಂದು ತಮಾಷೆ ಮಾಡಲು ಬಾಯಿ ತೆರೆದ ಅಯ್ಯನವರು ಅವನ ಕಣ್ಣು ನೋಡಿ ಅದನ್ನು ಬಿಟ್ಟು, ಬರುವ ಭಾನುವಾರ ನಾಲ್ಕೂ ಹಾಡಿಸುತ್ತೇನೆ ಎಂದು ಮಾತು ಕೊಟ್ಟರು.

ಆ ಭಾನುವಾರ ಗೀತಕಾರ ಎಲ್ಲರಿಗಿಂತ ಮೊದಲೇ ಬಂದು ಮುಂದಿನ ಬೆಂಚಿನಲ್ಲಿ ಕೂತ. ಹಾಡು ಶುರುವಾಯಿತು. ಮೊದಲ ಎರಡು ಚರಣ ಸಭೆಗೆ ಬಾಯಿಪಾಠ. ಮೂರನೆಯದು ಬಂದಾಗ ದನಿ ಕುಸಿಯಿತು. ಕೆಲವರು ಪುಸ್ತಕದಲ್ಲಿ ಸಾಲು ಹುಡುಕಿದರು, ಕೆಲವರು ಬರಿದೇ ತುಟಿ ಆಡಿಸಿದರು. ಹನ್ನೊಂದು ವರ್ಷ ಕಾದದ್ದು ಈ ಗೊಣಗಾಟಕ್ಕೇ ಎಂದು ಅವನು ತಲೆ ತಗ್ಗಿಸಿದ.

ಆಗ ಹೆಂಗಸರ ಕಡೆ, ಬಾಗಿಲ ಬಳಿಯ ಬೆಂಚಿನಿಂದ ಒಂದು ದನಿ ಎದ್ದಿತು. ಮುದಿ ದನಿ, ಒಡಕು ದನಿ. ‘ಏಳಲಾರೆನು ತಂದೆ’ ಎಂದು ಅದು ನಿಂತಿತು. ಒಂದು ಉಸಿರಿನಷ್ಟು ಹೊತ್ತು. ಆಮೇಲೆ ‘ನೀನೆ ಬಳಿಗೆ ಬಾ’ ಎಂದಿತು.

ಗೀತಕಾರ ತಲೆ ಎತ್ತಿ ಹಿಂದೆ ತಿರುಗಿದ. ಅದು ಅವನ ಹೆಂಡತಿಯ ದನಿಯಲ್ಲ. ಆದರೆ ಅಲ್ಲಿ ನಿಲ್ಲುವವಳು ಲೋಕದಲ್ಲಿ ಅವಳೊಬ್ಬಳೇ.

ಆರಾಧನೆ ಮುಗಿದ ಕೂಡಲೇ ಅವನು ಬಾಗಿಲಿಗೆ ಓಡಿದ. ಕೆರೆಯಾಚೆಯ ಕೇರಿಯ ಒಬ್ಬ ಮುದುಕಿ ಮೆಟ್ಟಿಲಿಳಿಯುತ್ತಿದ್ದಳು.

‘ಅಮ್ಮಾ, ಅಲ್ಲಿ ಯಾಕೆ ನಿಲ್ಲಿಸಿದಿರಿ?’

‘ಅದು ಇರೋದೇ ಹಾಗಲ್ವಾ ಸ್ವಾಮಿ? ಹೇಳಿಕೊಟ್ಟ ಅಮ್ಮ ಅಲ್ಲೇ ನಿಲ್ಲಿಸ್ತಿದ್ರು. ನಮ್ಮ ಯಜಮಾನರು ಒಂಬತ್ತು ವರ್ಷ ಹಾಸಿಗೆ ಹಿಡಿದಿದ್ರು. ಅವರನ್ನ ಬಿಟ್ಟು ನಾನು ಸಭೆಗೆ ಬರೋ ಹಾಗೇ ಇರಲಿಲ್ಲ. ಭಾನುವಾರ ಬಂತು ಅಂದ್ರೆ ಆ ಅಮ್ಮ ಬಂದು ಹಾಸಿಗೆ ಪಕ್ಕ ಕೂತು ಇದನ್ನ ಹಾಡೋರು. ಹೋದ ತಿಂಗಳು ಇದನ್ನ ಕೇಳ್ತಾ ಕೇಳ್ತಾನೇ ನಮ್ಮವರು ಕಣ್ಣು ಮುಚ್ಚಿದ್ರು. ಈ ಹಾಡಿಗೆ ಇನ್ನೂ ಮೂರು ಚರಣ ಇದೆ ಅಂತ ನಂಗೆ ಗೊತ್ತಾಗಿದ್ದೇ ಇವತ್ತು.’ ಅಂಗಳದ ಕಡೆ ತಿರುಗಿ ಕೈ ತೋರಿಸಿದಳು. ‘ಅಗೋ, ಅವರೇ ಆ ಅಮ್ಮ.’

ಅಂಗಳದಲ್ಲಿ ಅವನ ಹೆಂಡತಿ ಕೊಡೆ ಬಿಚ್ಚುತ್ತಿದ್ದಳು.

ದೀಪದ ಬುಡದಲ್ಲಿ ಕತ್ತಲೆ ಎನ್ನುವುದು ಸುಳ್ಳಲ್ಲ. ಅವನು ಹತ್ತಿರ ಹೋಗಿ, ‘ನಂಗೆ ಯಾಕೆ ಹೇಳಲಿಲ್ಲ?’ ಎಂದ.

‘ನೀವು ಕೇಳಿದ್ರೆ ಹೇಳ್ತಿದ್ದೆ’ ಎಂದಳು ಅವಳು. ‘ಏಳೋಕಾಗದೋರ ಹತ್ರ ಕೂತರೆ, ನಮ್ಮ ಮಗಳ ಹತ್ರ ಕೂತ ಹಾಗಾಗುತ್ತೆ.’

ಅವನಿಗೆ ಅಳು ಬಂತು. ಜನ ನೋಡುತ್ತಾರೆಂದು ನಾಚದೆ ಅತ್ತ. ಆಮೇಲೆ ಅವಳ ಕೈಯಿಂದ ಕೊಡೆ ತೆಗೆದುಕೊಂಡು ಅವಳ ತಲೆಯ ಮೇಲೆ ಹಿಡಿದ. ‘ಇವತ್ತು ಯಾರ ಮನೆ?’ ಎಂದು ಕೇಳಿದ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಸತ್ಯಮಿತ್ರ ಕೇಳಿದ: ‘ಮುಂದಿನ ಭಾನುವಾರದಿಂದ ಸಭೆಯಲ್ಲಿ ಮೂರನೆಯ ಚರಣ ಹಾಡಿದರೇ, ಗುರುಗಳೇ?’

‘ಎಲ್ಲಿಯದು! ಒಂದು, ಎರಡು ಮತ್ತು ಕಡೆಯದು. ಸಾರು ಒಲೆಯ ಮೇಲಿತ್ತಲ್ಲ’ ಎಂದು ಗುರುಗಳು ನಕ್ಕರು. ಆಮೇಲೆ ಅವನ ಮುಖ ನೋಡಿ ಮೆಲ್ಲಗೆ ಹೇಳಿದರು:

‘ಗಡಿಯಾರ ನೋಡುವವರ ಹೆಸರೆಲ್ಲ ಹೇಳಿದೆ ಮಗು, ಇನ್ನು ನಿನ್ನ ಊರಿನಲ್ಲಿ ಏಳಲಾರದೆ ಮಲಗಿರುವವರ ಹೆಸರು ಒಂದಾದರೂ ಹೇಳು.’