ಸಮವಾಗಿ ಸವೆದ ಹಾವುಗೆ

ಪಾಪಿಯ ಚಪ್ಪಲಿ ಸೊಟ್ಟಗೆ ಸವೆಯುತ್ತದೆ, ಪುಣ್ಯವಂತರದು ಸಮವಾಗಿ ಸವೆಯುತ್ತದೆ ಎಂದು ಕಲ್ಹೊಂಡದ ಸುತ್ತಿನವರೆಲ್ಲ ಆಗ ನಂಬಿದ್ದರು. ಸಾಕ್ಷಿ ಮಠದಲ್ಲೇ ಇತ್ತು. ಗುರುಶಾಂತ ಸ್ವಾಮಿಗಳು ಮೆಟ್ಟಿ ಬಿಟ್ಟ ಮರದ ಹಾವುಗೆಗಳನ್ನು ಭಕ್ತರು ಗೋಡೆಯ ಗೂಡಿನಲ್ಲಿಟ್ಟು ಪೂಜಿಸುತ್ತಿದ್ದರು. ಯಾವ ಜೋಡು ಮಗುಚಿದರೂ ಅಡಿ ಸಪಾಟು. ಹೀಗಾಗಿ ಹೆಣ್ಣು ನೋಡಲು ಹೋದವರು ಹುಡುಗಿಯ ಮುಖಕ್ಕಿಂತ ಮೊದಲು ಅವಳ ಚಪ್ಪಲಿ ನೋಡುತ್ತಿದ್ದರು.

ಕಾಶವ್ವನ ಎಡಗಾಲಿನ ಚಪ್ಪಲಿ ಹೊರಅಂಚಿನಲ್ಲಿ ಸವೆದಿತ್ತು. ಅದನ್ನು ಮಗುಚಿ ನೋಡಿದ ಪಾರ್ವತೆವ್ವ ಮಗನಿಗೆ ಈ ಸಂಬಂಧ ಬೇಡ ಎಂದಳು. ಮಗ ಚನ್ನಮಲ್ಲಪ್ಪ ಹೈಸ್ಕೂಲಿನಲ್ಲಿ ಗಣಿತ ಕಲಿಸುವವನು. ಕಾಶವ್ವನನ್ನು ಬಿಟ್ಟು ಬೇರೆಯವಳನ್ನು ಮದುವೆಯಾಗುವುದಿಲ್ಲ ಎಂದು ಹಟ ಹಿಡಿದ. ಕಡೆಗೆ ಶ್ರೀಗಳವರು ಹೇಳಿದಂತಾಗಲಿ ಎಂದು ತಾಯಿ ಒಪ್ಪಿದಳು. ಅವನಿಗೆ ಸ್ವಾಮಿಗಳಲ್ಲಿ ನಂಬಿಕೆ ಇರಲಿಲ್ಲ, ಬೇರೆ ದಾರಿಯೂ ಇರಲಿಲ್ಲ. ಕಾಶವ್ವನನ್ನೂ ಕರೆದುಕೊಂಡು ಮೂವರೂ ಹೊರಟರು.

“ಪಲ್ಲಕ್ಕಿಯೊಳಗ ಅಡ್ಡಾಡವ್ರ ಹಾವಗಿ ಸೊಟ್ಟ ಹೆಂಗ ಸವೀತಾವಬೇ?” ಎಂದು ಅವನು ದಾರಿಯಲ್ಲಿ ಕೇಳಿದ. ತಾಯಿ ಮಠ ಬರುವವರೆಗೂ ಅವನನ್ನು ಹಿಂದೆ ಬಿಟ್ಟು ಬಿರಬಿರನೆ ನಡೆದಳು.

ಮಠದ ಪಲ್ಲಕ್ಕಿಯೊಳಗೆ ಪಾರಿವಾಳ ಗೂಡು ಕಟ್ಟಿತ್ತು. ಶ್ರೀಗಳವರು ಹಿತ್ತಲಿನ ತಗಡಿನ ಚಪ್ಪರದಲ್ಲಿ ಹತ್ತಿ ಹೊಸೆಯುತ್ತ ಕುಳಿತಿದ್ದರು. ಪಾರ್ವತೆವ್ವ ಅಡ್ಡಬಿದ್ದು ಎಲ್ಲವನ್ನೂ ಅರಿಕೆ ಮಾಡಿಕೊಂಡಳು.

“ಹೆಜ್ಜೀನ ಸೊಟ್ಟ ಇದ್ದಾಕಿ ಸಂಸಾರ ನೆಟ್ಟಗ ಹೆಂಗ ಮಾಡತಾಳ್ರಿ, ಅಜ್ಜಾರ?”

ಶ್ರೀಗಳವರು ಬಾಗಿಲಾಚೆ ಬಿಟ್ಟಿದ್ದ ಕಾಶವ್ವನ ಚಪ್ಪಲಿಯನ್ನು ತರಿಸಿಕೊಂಡು ಬೆಳಕಿಗೆ ಹಿಡಿದು ನೋಡಿದರು. ಆಮೇಲೆ ಅವಳನ್ನು ನಾಲ್ಕು ಹೆಜ್ಜೆ ನಡೆಯಹೇಳಿದರು.

“ಕೊಡ ಯಾವ ಟೊಂಕದ ಮ್ಯಾಲ ಇಟಗೋತೀಯವಾ?”

“ಎಡಕ್ಕರೀ. ಸಣ್ಣಾಕಿ ಇದ್ದಾಗಿಂದ.” ಅವರ ಮನೆಗೆ ಕೆರೆ ದೂರ, ನೀರು ತರುವವಳು ಅವಳೊಬ್ಬಳೇ.

ಶ್ರೀಗಳವರು ಚಪ್ಪಲಿಯನ್ನು ಕೆಳಗಿಟ್ಟರು. “ಇದು ಪಾಪ ಅಂದ್ರ, ಆ ನೀರು ಕುಡದವ್ರಿಗೂ ಪಾಲು ಐತಿ.”

ಪಾರ್ವತೆವ್ವ ತಲೆ ತಗ್ಗಿಸಿದಳು. ಆದರೂ ಅವಳ ಮನಸ್ಸು ಪೂರ್ತಿ ಒಪ್ಪಿರಲಿಲ್ಲ. ಅಜ್ಜಾರ ಹಾವುಗೆ ಮಾತ್ರ ಸಮನಾಗಿ ಸವೆಯುವುದು ಯಾಕೆ ಎಂದು ಹೆದರುತ್ತಲೇ ಕೇಳಿದಳು.

ಶ್ರೀಗಳವರು ಎದ್ದು ಹಾವುಗೆ ಮೆಟ್ಟಿ ಬಾವಿಯ ಕಡೆ ಹೊರಟರು. ಚನ್ನಮಲ್ಲಪ್ಪ ಕುತೂಹಲ ತಡೆಯಲಾರದೆ ಹಿಂದೆಯೇ ಹೋದ. ಅವರ ಎರಡು ಪಾದಗಳೂ ಹೆಜ್ಜೆ ಹೆಜ್ಜೆಗೆ ಹೊರಕ್ಕೆ ವಾಲುತ್ತಿದ್ದವು. ಹೀಗೆ ನಡೆಯುವವರ ಹಾವುಗೆ ಹೊರಅಂಚಿನಲ್ಲೇ ಸವೆಯಬೇಕು. ಗೂಡಿನಲ್ಲಿದ್ದ ಒಂದು ಜೋಡಿನಲ್ಲೂ ಆ ಗುರುತು ಇರಲಿಲ್ಲ. ಲೆಕ್ಕ ತಾಳೆಯಾಗದೆ ಅವನು ಇನ್ನೂ ಹತ್ತಿರದಿಂದ ನೋಡಲು ಬಗ್ಗಿದ.

ಶ್ರೀಗಳವರು ನಿಂತರು. ಹಾವುಗೆಯಿಂದ ಕಾಲು ತೆಗೆದು ಅವನ್ನೇ ತೋರಿಸಿದರು. ಎರಡರ ಆಕಾರವೂ ಒಂದೇ, ಎಡಬಲದ ಭೇದವಿಲ್ಲ. ಶ್ರೀಗಳವರು ಅವುಗಳ ಜಾಗ ಬದಲಿಸಿ, ಮತ್ತೆ ಮೆಟ್ಟಿದರು.

“ಒಂದ ಕಡೆ ಸವದ್ರ ಲಗೂನ ಹಾಳಾಗ್ತಾವಪಾ. ಕಟಿಗಿ ದಂಡ.”

ಇಷ್ಟು ವರ್ಷ ಗೂಡಿಗೆ ದೀಪ ಹಚ್ಚಿದವರಲ್ಲಿ ಒಬ್ಬರೂ ಇದನ್ನು ಕೇಳಿರಲಿಲ್ಲ. ಕೇಳಿದ್ದರೆ ಶ್ರೀಗಳವರು ಹೇಳದೆ ಇರುತ್ತಿರಲಿಲ್ಲ. ನೋಡಲು ಬಗ್ಗಿದ್ದ ಚನ್ನಮಲ್ಲಪ್ಪ ನಮಸ್ಕಾರ ಮಾಡಿಯೇ ಎದ್ದ.

ಮದುವೆ ಮಠದ ಅಂಗಳದಲ್ಲೇ ಆಯಿತು. ಸೊಸೆಯ ಚಪ್ಪಲಿ ಆಮೇಲೂ ಸೊಟ್ಟಗೇ ಸವೆಯುತ್ತಿತ್ತು. ಆ ಮನೆಯಲ್ಲೂ ನೀರು ತರಬೇಕಲ್ಲ. ಮುಂದೆ ಯಾರಾದರೂ ಒಬ್ಬ ಹುಡುಗಿಯ ಚಪ್ಪಲಿಗೆ ಕೈ ಹಾಕಿದರೆ ಪಾರ್ವತೆವ್ವ ಅವರನ್ನು ತಡೆದು ನಿಲ್ಲಿಸುತ್ತಿದ್ದಳು. ಅವಳು ಹೇಳುತ್ತಿದ್ದುದು ಮಗನಿಂದ ತಿಳಿದ ಒಂದೇ ಸಂಗತಿ: ಶ್ರೀಗಳವರು ದಿನ ಬಿಟ್ಟು ದಿನ ಎಡಗಾಲಿನ ಹಾವುಗೆಯನ್ನು ಬಲಗಾಲಿಗೆ, ಬಲಗಾಲಿನದನ್ನು ಎಡಗಾಲಿಗೆ ಮೆಟ್ಟುತ್ತಿದ್ದರು.