ಕಾಳಾಚಾರಿಯ ಖಾಲಿ ಪೆಡಲು

ಬಹಳ ಬಹಳ ಹಿಂದೆ, ಡಾಂಬರು ರಸ್ತೆಗೂ ಎತ್ತಿನಗಾಡಿಗಳೇ ಯಜಮಾನರಾಗಿದ್ದ ಕಾಲದಲ್ಲಿ, ಒಂದೂರಲ್ಲಿ ಕಾಳಾಚಾರಿ ಅಂತ ಒಬ್ಬ ಮೇಸ್ತ್ರಿ ಇದ್ದನಂತೆ. ಬಾನೆಟ್ಟಿಗೆ ಕಿವಿಗೊಟ್ಟು ಎಂಜಿನ್ನಿನ ಕಾಯಿಲೆ ಹೇಳುತ್ತಿದ್ದನಂತೆ. ಕೈ ಬಂಗಾರ, ಬಾಯಿ ಮಾತ್ರ ಬೆಂಕಿ.

ಅದೇ ಊರಲ್ಲಿ ಬುಡೇನ್‌ಸಾಬರದೊಂದು ಹಳೇ ಕಾರಿತ್ತು. ಊರಿನ ಮದುಮಗಳು ಯಾವ ಜಾತಿಯವಳೇ ಇರಲಿ, ಗಂಡನ ಮನೆಗೆ ಹೋದದ್ದು ಆ ಕಾರಿನಲ್ಲೇ, ಓಡಿಸಿದ್ದು ಸಾಬರೇ. ಕಡೆಗೆ ಅವರ ಮೊಮ್ಮಗಳದೇ ನಿಕಾ ಗೊತ್ತಾಯಿತು. ಸರಿಯಾಗಿ ಆ ಹೊತ್ತಿಗೇ ಸಾಬರ ಎಡಮೊಣಕಾಲು ಕೈಕೊಟ್ಟಿತು. ಕ್ಲಚ್ ಒತ್ತಲಾರದವರು ಕಾರು ಓಡಿಸುವುದು ಹೇಗೆ? ಮೊಮ್ಮಗಳನ್ನು ಬೇರೆಯವನು ಕರೆದೊಯ್ಯುವುದಾದರೆ ನಾನು ಬದುಕಿದ್ದೇನು ಫಲ ಅಂತ ಆಚಾರಿಯ ಷೆಡ್ಡಿನ ಮುಂದೆ ಕೂತೇಬಿಟ್ಟರಂತೆ.

ಆಚಾರಿ ಬೈದುಕೊಳ್ಳುತ್ತಲೇ ಹೋಗಿ ಬಂದರಿನ ಗುಜರಿಯಿಂದ ಒಂದು ಪರದೇಶಿ ಗೇರ್‌ಬಾಕ್ಸ್ ತಂದ. ಅದಕ್ಕೆ ಕ್ಲಚ್ ಬೇಡ, ಗೇರುಗಳು ತಾವಾಗಿ ಬೀಳುತ್ತವೆ. ಮೂರರ ಮೇಲೆ ಓವರ್‌ಡ್ರೈವ್ ಎಂಬ ನಾಲ್ಕನೆಯದು ಬಿದ್ದರೆ ಕಾರು ಜೋರಾಗಿ ಓಡುತ್ತಿದ್ದರೂ ಎಂಜಿನ್ ಮೆಲ್ಲಗೆ ಉಸಿರಾಡುತ್ತದೆ. ಆದರೆ ಹಾಳಾದ್ದು ಹಳೇದಕ್ಕಿಂತ ಒಂದು ಗೇಣು ಉದ್ದ! ಆಚಾರಿ ಕಾರಿನ ತಳ ಕೊಯ್ದ, ಹಿಂದಿನ ಚಕ್ರಕ್ಕೆ ಹೋಗುವ ಶಾಫ್ಟು ಕತ್ತರಿಸಿ ಮತ್ತೆ ಬೆಸೆದ. ಕೂರಿಸಿದರೆ ಎಣ್ಣೆ ಸೋರಿತು. ಬಿಚ್ಚಿದ, ಕೂರಿಸಿದ, ಮತ್ತೆ ಸೋರಿತು. ಏಳು ಸಲ ಬಿಚ್ಚಿದ ಅಂತಾರೆ. ಇಪ್ಪತ್ತೊಂದು ಅನ್ನುವವರೂ ಇದ್ದಾರೆ, ನಮ್ಮ ಜನರ ಬಾಯಿಗೆ ಬಾಗಿಲಿದೆಯೇ?

ಅಂತೂ ನಿಕಾದ ಹಿಂದಿನ ದಿನ ಸಾಬರು ಕಾರು ಓಡಿಸಿ ನೋಡಿದರು, ಆಚಾರಿ ಪಕ್ಕದಲ್ಲಿ ಕೂತ. ಸಂತೆಬೀದಿಯ ತಿರುವಿನಲ್ಲಿ ಸಾಬರ ಎಡಗಾಲು ನಲವತ್ತು ವರ್ಷದ ರೂಢಿಯಂತೆ ಕ್ಲಚ್ಚಿಗೆ ತಡಕಾಡಿ, ಅದು ಸಿಗದೆ, ಬ್ರೇಕನ್ನೇ ತುಳಿಯಿತು. ಆಚಾರಿಯ ಹಣೆ ಗಾಜಿಗೆ ಬಡಿಯಿತು. ಮುಂದಿನ ತಿರುವಿನಲ್ಲೂ ಅದೇ ಕಾಲು, ಅದೇ ಹಣೆ.

"ಏನ್ ಮಾಡ್ಲಿ ಆಚಾರ್ರ, ತಲಿಗೆ ಗೊತ್ತೈತಿ, ಕಾಲಿಗೆ ಗೊತ್ತಿಲ್ಲ," ಅಂದರು ಸಾಬರು.

"ಥೂ, ಆ ಕಾಲಿಗಿಷ್ಟು ಬೆಂಕಿ ಬೀಳ!" ಅಂತ ಆಚಾರಿ ಅರಚಿದ್ದು ಹೊಳೆಯಾಚೆಗೂ ಕೇಳಿಸಿತಂತೆ.

ಕಬ್ಬಿಣ ಮಾತು ಕೇಳಿತ್ತು, ಕಾಲು ಕೇಳಲೊಲ್ಲದು. ಆಚಾರಿಗೆ ಅಳು ಬರುವಷ್ಟು ಸಿಟ್ಟು ಬಂತು. ಮೂಲೆಗೆಸೆದಿದ್ದ ಹಳೇ ಕ್ಲಚ್ ಪೆಡಲನ್ನೇ ತಂದು ಅದರ ಜಾಗಕ್ಕೆ ಕೂರಿಸಿದ. ಒಂದು ಸಣ್ಣ ಸ್ಪ್ರಿಂಗ್ ಬಿಟ್ಟರೆ ಬೇರಾವುದಕ್ಕೂ ಜೋಡಿಸಲಿಲ್ಲ. ಮುಟ್ಟಿದರೆ ಸಾಕು, ಇಳಿಯುತ್ತಿತ್ತು. "ಇದು ಖಾಲಿ ಅಂತ ನಿಮಗ ಗೊತ್ತಿರ್ಲಿ ಸಾಬ್ರ. ಕಾಲಿಗೆ ಹೇಳಬ್ಯಾಡ್ರಿ," ಅಂದನಂತೆ.

ಮರುದಿನ ಸಾಬರು ದಾರಿಯುದ್ದಕ್ಕೂ ಖಾಲಿ ಪೆಡಲು ಒತ್ತುತ್ತ ಮೊಮ್ಮಗಳನ್ನು ಕರೆದೊಯ್ದರು. ಒಂದೇ ಒಂದು ಸಲವೂ ಕಾರು ಜಗ್ಗಲಿಲ್ಲ. ಊರಾಚೆ ನಾಲ್ಕನೆಯದು ಬಿದ್ದಿದ್ದೇ ಎಂಜಿನ್ನಿನ ಸದ್ದಡಗಿ, ಅಜ್ಜ ಅಳುತ್ತಿರುವುದು ಹಿಂದೆ ಕೂತ ಮದುಮಗಳಿಗೆ ಕೇಳಿಸಿಬಿಟ್ಟಿತಂತೆ. ಹಳೇ ಗೇರ್‌ಬಾಕ್ಸ್ ಇದ್ದಿದ್ದರೆ ಗುಟ್ಟಾಗಿ ಅಳಬಹುದಿತ್ತಲ್ಲ ಅಂತ ಸಾಬರು ಅದಕ್ಕೂ ಆಚಾರಿಯನ್ನೇ ಬೈದರಂತೆ.

ಈಗ ಕ್ಲಚ್ಚಿಲ್ಲದ ಕಾರುಗಳು ಬೇಕಾದಷ್ಟಿವೆ. ಆದರೂ ಆ ಊರಲ್ಲಿ ಮದುಮಗಳು ಕಾರು ಹತ್ತಿ ಕೂತ ಮೇಲೆ, ಮನೆಯ ಹಿರಿಯರೊಬ್ಬರು ಕಿಟಕಿಗೆ ಬಗ್ಗಿ "ಥೂ, ಆ ಕಾಲಿಗಿಷ್ಟು ಬೆಂಕಿ ಬೀಳ" ಅಂತ ಡ್ರೈವರನ್ನು ಬೈಯಲೇಬೇಕು. ಅವನು ನಗದೆ, ಎಡಗಾಲಿನಿಂದ ಬರಿ ನೆಲವನ್ನು ಒಮ್ಮೆ ಒತ್ತಬೇಕು. ಆಮೇಲೇ ಕಾರು ಹೊರಡುವುದು.