ಫಕೀರವ್ವನೂ ಮುಚ್ಚಿದ ಓಣಿಯೂ

“ಅಣ್ಣಾ, ಬಣ್ಣಗಾರ ಓಣಿಗೆ ಹ್ಯಾಂಗ ಹೋಗಬೇಕು?”

ಸೂಲಗಿತ್ತಿ ಫಕೀರವ್ವ ಇದನ್ನು ಕೇಳುತ್ತಿರುವುದು ಏಳನೆಯ ಸಲವಂತೆ. ಯಾವ ಕಾಲವೋ, ಯಾವ ರಾಜನೋ. ಊರು ಮಾತ್ರ ದೊಡ್ಡದು. ಏಳು ಅಗಸಿಬಾಗಿಲು, ಎಪ್ಪತ್ತು ಓಣಿ, ಪ್ರತಿ ಓಣಿಯೂ ಈಗಷ್ಟೇ ಬಿಟ್ಟುಬಂದ ಓಣಿಯ ಹಾಗೇ. ಬಣ್ಣಗಾರ ಓಣಿಯಲ್ಲಿ ಅವಳ ತಂಗಿ ಬಾಳವ್ವನಿಗೆ ಬೇನೆ ಶುರುವಾಗಿತ್ತಂತೆ. ಕೂಸು ಅಡ್ಡ ಮಲಗಿದೆ, ಹೊತ್ತು ಮುಳುಗುವುದರೊಳಗೆ ಬಾರದಿದ್ದರೆ ತಾಯಿಯೂ ಇಲ್ಲ, ಮಗುವೂ ಇಲ್ಲ ಅಂತ ಸುದ್ದಿ ಬಂದಿತ್ತಂತೆ.

ಜರಿ ರುಮಾಲಿನವನೊಬ್ಬ ನಗುತ್ತ ಹತ್ತಿರ ಬಂದ. “ಯವ್ವಾ, ಆ ಓಣಿ ಇವತ್ತ ಮುಚ್ಚೈತಿ.”

“ಓಣಿ ಮುಚ್ಚತಾರೇನಪ್ಪ?”

“ರಾಜರ ಆನಿಗೆ ಜ್ವರ. ಬಣ್ಣದ ವಾಸನಿ ಆಗಂಗಿಲ್ಲ. ಸಂಜಿಗೆ ತೆರೀತಾರ. ಅಲ್ಲಿತನಕ ನಮ್ಮ ಮಾವನ ಅಂಗಡ್ಯಾಗ ತಂಪಾಗಿ ಕೂಡು.”

ಆನೆಯ ಮೇಲೆ ಮರುಕಪಟ್ಟು ಫಕೀರವ್ವ ಹೋಗಿ ಕೂತಳಂತೆ. ಮಾವ ಒಂದು ಸೀರೆ ಬಿಚ್ಚಿದ, ಎರಡು ಬಿಚ್ಚಿದ, ಇಪ್ಪತ್ತೊಂದು ಬಿಚ್ಚಿದ.

“ಯಪ್ಪಾ, ನಾ ಹೆರಿಗಿ ಮಾಡಸಾಕ ಬಂದೀನಿ.”

“ಕೂಸಿಗೂ ಅದಾವ. ಸಣ್ಣವು.”

ಹೊರಗೆ ಬಂದು ನೋಡಿದರೆ, ನೆತ್ತಿಯ ಮೇಲಿದ್ದ ಸೂರ್ಯ ಹೆಗಲಿಗಿಳಿದಿದ್ದ. ಜ್ವರದ ಆನೆ ಬಾಳೆಗೊನೆ ತಿನ್ನುತ್ತ ಎದುರಿಗೇ ಹೋಯಿತಂತೆ.

ಬಾವಿಕಟ್ಟೆಯ ಹತ್ತಿರ ಇನ್ನೊಬ್ಬ ಬಂದ. ಅವನೂ ನಕ್ಕ. ಕೇಳದೇ ಕೈ ಹಿಡಿದು ಕೆಂಪು ದಾರ ಸುತ್ತಿದ. “ದೇವರ ದಾರ, ದುಡ್ಡ ಬ್ಯಾಡ.” ಸುತ್ತಿಯಾದ ಮೇಲೆ, “ಮೂರು ವರಹ ಕೊಡು” ಅಂದ.

“ದುಡ್ಡ ಬ್ಯಾಡ ಅಂದೆಲ್ಲ?”

“ದಾರಕ್ಕ ಬ್ಯಾಡ. ಗಂಟು ಹಾಕಿದ್ದಕ್ಕ.”

ಫಕೀರವ್ವ ಹೊಕ್ಕುಳಬಳ್ಳಿ ಕೊಯ್ಯುವ ಕುಡುಗೋಲು ತೆಗೆದು ಗಂಟನ್ನಷ್ಟೇ ಕೊಯ್ದು ಅವನ ಅಂಗೈಗಿಟ್ಟಳಂತೆ. “ತಗೋ, ನಿಂದು.”

ಮೂರನೆಯವನು ಬೆತ್ತ ಹಿಡಿದಿದ್ದ. “ನಾ ರಾಜರ ಕಾವಲುಗಾರ. ಇಲ್ಲಿ ಕಳ್ಳರು ಭಾಳ. ನಿನ್ನ ಕಂಕುಳಾಗಿನ ಬಟ್ಟಿಗಂಟು ನನ್ನ ಕೈಯಾಗ ಕೊಡು, ಜೋಪಾನ ಮಾಡತೀನಿ.” ಅವನೂ ನಗುತ್ತಿದ್ದ.

“ತಗೋ ಮಗನ. ಆದರ ಈ ಗಂಟು ಹಿಡದವರೇ ಹೆರಿಗಿ ಮಾಡಸಬೇಕು. ಕೂಸು ಅಡ್ಡ ಐತಿ. ಮೊದಲ ಮೊಣಕೈತನಕ ಎಣ್ಣಿ ಹಚ್ಚಿಕೋ.”

ಕಾವಲುಗಾರನಿಗೆ ಬೇರೆ ಅಗಸಿಯಲ್ಲಿ ತುರ್ತು ಕೆಲಸ ನೆನಪಾಯಿತಂತೆ.

ಫಕೀರವ್ವ ಅಲ್ಲೇ ನಿಂತು ಯೋಚಿಸಿದಳು. ಮೊದಲು ನಗುವುದು, ಆಮೇಲೆ ಕೈ ಹಿಡಿಯುವುದು, ಆಮೇಲೆ ಎಲ್ಲಾ ಸರಿಹೋಗತೈತಿ ಅನ್ನುವುದು. ಬಾಣಂತಿಕೋಣೆಯಲ್ಲಿ ಮೂವತ್ತು ವರ್ಷದಿಂದ ತಾನು ಮಾಡುತ್ತಿದ್ದದ್ದೂ ಇದನ್ನೇ. ಹೆದರಿದವಳು ಯಾರ ಮಾತನ್ನೂ ನಂಬುತ್ತಾಳೆ. ಈ ಊರಿನಲ್ಲಿ ಹೆದರಿದವಳು ತಾನು. ತಾನಾಗಿ ಬಂದು ನಕ್ಕವರೆಲ್ಲ ಕಸಬಿನ ಮೇಲಿದ್ದವರು. ಹಾಗಾದರೆ ನಗದವರನ್ನು ಕೇಳಬೇಕು.

ಸುತ್ತ ನೋಡಿದಳು. ನಗದೇ ನಿಂತಿದ್ದದ್ದು ಅಗಸರ ಕತ್ತೆಯೊಂದೇ.

“ಯಪ್ಪಾ ಕತ್ತಿ, ಬಣ್ಣಗಾರ ಓಣಿ ಎಲ್ಲೈತಿ?”

“ದಿನಾ ಅಲ್ಲಿಗೇ ಬಟ್ಟಿ ಹೊರತೀನಿ” ಅಂದಿತಂತೆ ಕತ್ತೆ. “ಬೇವಿನಗಿಡದ ಎಡಕ್ಕ ಹೊಳ್ಳು. ನೀರು ನೀಲಿ ಹರಿಯೋ ಗಟಾರ ಸಿಗತೈತಿ. ಅದರ ಬೆನ್ನು ಹತ್ತು.” ಆಮೇಲೆ, “ನನ್ನ ಕಿವಿ ಹಿಂದ ತುರಸತೈತಿ. ಹನ್ನೆರಡು ವರ್ಷಾತು, ಕಾಲು ಮುಟ್ಟವಲ್ದು” ಅಂದಿತು.

“ನೀನೂ ಈ ಊರಿನವನೇ ಬಿಡು.”

“ಹುಟ್ಟಿದ್ದ ಇಲ್ಲೇ. ಆದರ ದಾರಿ ಮೊದಲ ಹೇಳೀನಿ.”

ಅದು ನಿಜವೇ ಆಗಿತ್ತು. “ಈಗ ಹೊತ್ತಿಲ್ಲ. ಸಾಲ ಇರಲಿ” ಅಂದಳು ಫಕೀರವ್ವ.

“ಇಲ್ಲಿ ಹಂಗ ಅಂದವರು ಯಾರೂ ತಿರುಗಿ ಬಂದಿಲ್ಲ” ಅಂತ ಕತ್ತೆ ಬೇಜಾರಿಲ್ಲದೆ ಹೇಳಿತಂತೆ.

ನೀಲಿ ನೀರಿನ ಬೆನ್ನು ಹತ್ತಿ ಓಡಿದಳು. ಓಣಿ ತೆರೆದೇ ಇತ್ತು. ಸೂರ್ಯ ಮಾಳಿಗೆಯ ಅಂಚಿನಲ್ಲಿದ್ದ. ಎಣ್ಣೆ ಹಚ್ಚಿದಳು, ನಕ್ಕಳು, ತಂಗಿಯ ಕೈ ಹಿಡಿದು “ಎಲ್ಲಾ ಸರಿಹೋಗತೈತಿ” ಅಂದಳು. ಕೂಸನ್ನು ತಿರುಗಿಸಿದಳು. ಹೆಣ್ಣು ಹುಟ್ಟಿತಂತೆ, ಊರಿಗೆಲ್ಲ ಕೇಳುವಂಥ ಗಂಟಲು. ಬಾಳವ್ವ ಕಣ್ಣು ಬಿಟ್ಟು ಗಂಜಿ ಕೇಳಿದಳಂತೆ.

ಐದನೆಯ ದಿನ ಬುತ್ತಿ ಕಟ್ಟಿಸಿಕೊಂಡು ಹೊರಟ ಫಕೀರವ್ವನಿಗೆ ತನ್ನೂರಿಗೆ ಹೋಗುವ ಬಂಡಿ ಸಿಗುವುದು ಪಡುವಣ ಅಗಸಿಯಲ್ಲಿ. ಅವಳು ಮೂಡಣದ ಕಡೆ ನಡೆದು, ಬೇವಿನಗಿಡ ದಾಟಿ, ಗಂಟು ಕೆಳಗಿಟ್ಟು, ಕತ್ತೆಯ ಬಲಗಿವಿಯ ಹಿಂದೆ ಹತ್ತೂ ಬೆರಳಿನಿಂದ ತುರಿಸಿದಳಂತೆ. ಕತ್ತೆ ಕಣ್ಣು ಮುಚ್ಚಿತು.

“ಸಾಲ ತೀರಿತೇನಪ್ಪ?”

“ಅಸಲು ತೀರಿತು” ಅಂತ ಕತ್ತೆ ಎಡಗಿವಿ ತಿರುಗಿಸಿತಂತೆ. “ಐದು ದಿನದ ಬಡ್ಡಿ ಈ ಕಡೆ ಐತಿ.”

ಅವಳು ಅದನ್ನೂ ತುರಿಸಿದಳು. ಬಂಡಿ ಹೋಯಿತು, ಅವಳು ನಡೆದೇ ಊರು ಸೇರಿದಳು, ಅವಳ ಹಿಂದೆ ನಡೆದುಕೊಂಡು ಈ ಕಥೆಯೂ ನಮ್ಮ ಪಡಸಾಲೆಗೆ ಬಂದು ಕೂತಿತು.